ಡಾಕ್ಟರ್ ಚೊಲಾಕೊವ್ ಹಂಚಿದ ಚಾಕೊಲೇಟು

ಈ ಕಥೆ ಹೇಳುವುದಕ್ಕೆ ನಾನು ತಕ್ಕವನಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸೂಕ್ಷ್ಮಜೀವಿಗಳ ಬಗ್ಗೆ ನನಗೆ ಗೊತ್ತಿರುವುದು ಕೈ ತೊಳೆಯಬೇಕು ಎಂಬಷ್ಟೇ. ಸರ್ಕಾರದ ಅನುದಾನದ ಬಗ್ಗೆ ಅದಕ್ಕಿಂತಲೂ ಕಡಿಮೆ. ಹೇಳಬೇಕಾದವರು ಹೇಳಲಿ ಎಂದು ಎರಡು ವರ್ಷ ಕಾದೆ. ಯಾರೂ ಹೇಳಲಿಲ್ಲ. ಅವರಿಗೆಲ್ಲ ಕೆಲಸ ಉಳಿಸಿಕೊಳ್ಳುವುದಿತ್ತು. ಎಲ್ಲಾದರೂ ತಪ್ಪಿದ್ದರೆ ಡಾಕ್ಟರ್ ಚೊಲಾಕೊವ್ ಅವರು ಕ್ಷಮಿಸಬೇಕು. ಕ್ಷಮಿಸುತ್ತಾರೆ. ಅವರ ಕಷ್ಟವೆಲ್ಲ ಅಲ್ಲಿಂದಲೇ ಶುರುವಾಗುವುದು.

ಡ್ಯಾನ್ಯೂಬ್ ದಡದ ನಮ್ಮ ಊರಿನ ಹೆರಿಗೆ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಒಂದು ಸೋಂಕುರೋಗ ಸಂಶೋಧನಾಲಯವಿದೆ. ಕೆಳಗೆ ನೆಲಮಹಡಿಯಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳ ವಾರ್ಡು. ಪ್ರತಿ ಚಳಿಗಾಲ ಆ ವಾರ್ಡಿಗೆ ಒಂದು ರೋಗಾಣು ಬರುತ್ತದೆ. ಗೋಡೆ ಉಜ್ಜುತ್ತಾರೆ, ನಲ್ಲಿ ಬದಲಾಯಿಸುತ್ತಾರೆ, ದಾದಿಯರನ್ನು ಬೈಯುತ್ತಾರೆ. ಅದು ಹೋಗುತ್ತದೆ. ಮುಂದಿನ ಚಳಿಗಾಲ ಮತ್ತೆ ಬರುತ್ತದೆ. ಬೇಸಿಗೆಯಲ್ಲಿ ಅದು ಎಲ್ಲಿರುತ್ತದೆ? ಹನ್ನೊಂದು ವರ್ಷಗಳಿಂದ ಈ ಪ್ರಶ್ನೆ ಕೇಳುತ್ತಿದ್ದವರು ಡಾಕ್ಟರ್ ಚೊಲಾಕೊವ್ ಒಬ್ಬರೇ. ಮುನ್ನೂರ ಹನ್ನೆರಡು ಪುಟ್ಟ ಸೀಸೆಗಳಲ್ಲಿ ಆ ರೋಗಾಣುವಿನ ಮಾದರಿಗಳನ್ನು ಹಿಡಿದು, ಹೆಪ್ಪುಗಟ್ಟಿಸಿ, ಚೀಟಿ ಅಂಟಿಸಿ ಇಟ್ಟಿದ್ದರು. ಆ ರೋಗಾಣುಗಳ ವಂಶವಾಹಿಯಲ್ಲಿ ಬರೆದಿರುವುದನ್ನು ಓದಿಬಿಟ್ಟರೆ ಅದು ಯಾವ ದಾರಿಯಲ್ಲಿ ಬಂತು ಎಂದು ಹೇಳಿಬಿಡಬಹುದಿತ್ತು. ಓದುವುದಕ್ಕೆ ಒಂದು ಯಂತ್ರ ಬೇಕು, ಇಲ್ಲವೇ ವಿಯೆನ್ನಾದ ಒಂದು ಪ್ರಯೋಗಾಲಯದಲ್ಲಿ ನಾಲ್ಕು ತಿಂಗಳು ಕೂತು ಅಲ್ಲಿಯ ಯಂತ್ರದಲ್ಲಿ ಓದಿ ಕಲಿಯಬೇಕು.

ಎರಡಕ್ಕೂ ಸರ್ಕಾರ ದಾರಿ ಮಾಡಿಕೊಟ್ಟಿತ್ತು. ರಾಜಧಾನಿಯ ವೈದ್ಯ ಸಂಶೋಧನಾ ನಿಧಿ ಯಂತ್ರಕ್ಕೆ ಅನುದಾನ ಕೊಡುತ್ತಿತ್ತು. ಅದೇ ನಿಧಿ ಸಂಸ್ಥೆಗೊಬ್ಬರಂತೆ ವಿಯೆನ್ನಾದ ತರಬೇತಿಗೂ ಕಳಿಸುತ್ತಿತ್ತು. ಎರಡಕ್ಕೂ ನಲವತ್ತು ತುಂಬಿರಬಾರದು. ನಲವತ್ತರ ಮೇಲೆ ಮನುಷ್ಯ ಹೊಸದೇನನ್ನೂ ಕಲಿಯಲಾರ ಎಂಬುದು ನಿಧಿಯ ನಿಯಮಾವಳಿಯ ಅಭಿಪ್ರಾಯ. ಅದನ್ನು ಬರೆದವರಿಗೆಲ್ಲ ಅರವತ್ತು ದಾಟಿತ್ತಾದ್ದರಿಂದ ಅನುಭವದಿಂದಲೇ ಬರೆದಿರಬೇಕು.

ಚೊಲಾಕೊವ್ ಅವರಿಗೆ ಏಪ್ರಿಲ್ ಹದಿನಾರಕ್ಕೆ ನಲವತ್ತು ತುಂಬುವುದಿತ್ತು. ಅನುದಾನಕ್ಕೆ ಅರ್ಜಿ ಹಾಕಿ ಆಗಿತ್ತು. ಫೆಬ್ರುವರಿ ಹತ್ತರ ಸುಮಾರಿಗೆ ಪಟ್ಟಿ ಬರುತ್ತದೆ ಎಂದಿದ್ದರು. ತರಬೇತಿಯ ಸರದಿಯಲ್ಲಿ ಹನ್ನೊಂದು ವರ್ಷ ಕಾದು ಕೊನೆಗೂ ಮೊದಲನೆಯವರಾಗಿದ್ದರು. ಎರಡರಲ್ಲಿ ಒಂದು ಸಿಕ್ಕರೆ ಸಾಕು, ಸೀಸೆಗಳು ಮಾತಾಡುತ್ತವೆ. ಎರಡೂ ತಪ್ಪಿದರೆ ಇನ್ನು ಮುಂದಿಲ್ಲ.

ಇಲ್ಲಿ ಅವರ ಹೆಸರಿನ ವಿಷಯ ಹೇಳಬೇಕು. ಬಾಗಿಲ ಮೇಲೆ 'ಡಾ. ಹ. ಚೊಲಾಕೊವ್' ಎಂದಿತ್ತು. ಕೆಲಸಕ್ಕೆ ಸೇರಿದ ವರ್ಷ ಕ್ರಿಸ್ಮಸ್ ದಿನ ಯಾರೋ ಬಂದು ಕೈ ಕುಲುಕಿ, "ಹ್ರಿಸ್ತೊ, ನಿಮ್ಮ ಹೆಸರಿನ ದಿನ! ನೂರು ವರ್ಷ ಬಾಳಿ!" ಎಂದರು. ಇವರು ಹ್ರಿಸ್ತೊ ಅಲ್ಲ, ಹರಲಾಂಪಿ. ಆದರೆ ಕೈ ಕುಲುಕುತ್ತಿರುವವರ ಮುಖ ಎಷ್ಟು ಅರಳಿತ್ತೆಂದರೆ, ಅದನ್ನು ಬಾಡಿಸಲು ಇವರಿಗೆ ಮನಸ್ಸಾಗಲಿಲ್ಲ. "ಥ್ಯಾಂಕ್ಸ್" ಎಂದುಬಿಟ್ಟರು. ಮರುವರ್ಷ ನಾಲ್ಕು ಜನ ಬಂದರು. ಆಮೇಲೆ ಎಲ್ಲರೂ. ಹೆಸರಿನ ದಿನ, ಅಂದರೆ ತನ್ನ ಹೆಸರಿನ ಸಂತನ ಹಬ್ಬ (ಹ್ರಿಸ್ತೊ ಎಂಬುವರಿಗೆ ಕ್ರಿಸ್ತನದೇ), ನಮ್ಮಲ್ಲಿ ಹುಟ್ಟುಹಬ್ಬಕ್ಕಿಂತ ದೊಡ್ಡದು, ಚಾಕೊಲೇಟ್ ಡಬ್ಬಿ ಹಿಡಿದು ಕೋಣೆ ಕೋಣೆಗೂ ಹೋಗಬೇಕು. ಹೀಗೆ ಹನ್ನೊಂದು ಕ್ರಿಸ್ಮಸ್ಸು ಬೇರೆಯವರ ಹೆಸರಿನಲ್ಲಿ ಚಾಕೊಲೇಟು ಹಂಚಿದರು.

ಹೆಸರಿನ ದಿನವೇ ಆಗಬೇಕೆಂದಿಲ್ಲ. ಮಗುವಿಗೆ ಹಲ್ಲು ಬಂದರೂ ಡಬ್ಬಿ, ಬಡ್ತಿ ಬಂದರೂ ಡಬ್ಬಿ. ಹಂಚಿದರೆ ನಿಮಗೆ ಒಳ್ಳೆಯದಾಗಿದೆ, ಹಂಚದಿದ್ದರೆ ಆಗಿಲ್ಲ. ಇದರ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ.

ಫೆಬ್ರುವರಿ ಒಂಬತ್ತರ ಸಂಜೆ ಹಳ್ಳಿಯಿಂದ ಅವರ ತಾಯಿ ಸ್ತಾಮೆನಾ ಫೋನು ಮಾಡಿದರು. ಜೇನು ಸಾಕುವ ಹೆಂಗಸು. ಫೆಬ್ರುವರಿ ಹತ್ತರ ಹರಲಾಂಪಿ ಸಂತನ ದಿನ ಚರ್ಚಿನಲ್ಲಿ ಜೇನು ಮಂತ್ರಿಸಿಕೊಂಡು ಬಂದು ವರ್ಷವಿಡೀ ಔಷಧಿಯಂತೆ ಇಟ್ಟುಕೊಳ್ಳುವವರು.

"ನಾಳೆ ಏನ್ ಹಂಚ್ತೀಯೋ ಹರಲಾಂಪಿ?"

"ಅಮ್ಮಾ, ಇಲ್ಲಿ ಯಾರಿಗೂ ಅಷ್ಟಾಗಿ..."

"ಅಷ್ಟಾಗಿ ಏನು? ನಲವತ್ತಾಗ್ತಾ ಬಂತು, ಇನ್ನೂ ಸ್ವಂತ ಹೆಸರು ಹೇಳ್ಕೊಳ್ಳೋಕೆ ನಾಚ್ಕೋತೀಯ. ಮಾರಿಯನ್ನ ಕಾಲ ಕೆಳಗೆ ಮೆಟ್ಕೊಂಡು ನಿಂತಿರೋ ಸಂತನ ಹೆಸರು ಕಣೋ ನಿಂದು. ನೀನು ಮಾಡ್ತಿರೋದೂ ಅದೇ ಕೆಲ್ಸ ಅಲ್ವಾ? ಆ ಸಂತ ಏನಾದ್ರೂ ಮೆಟ್ಟೋ ಹೊತ್ತಲ್ಲಿ 'ನಾನಲ್ಲ, ಪಕ್ಕದ ಮನೆಯವ್ರು' ಅಂದ್ನಾ?"

ಆ ಮಾತು ನಾಟಿತು. ಜೀವನದಲ್ಲಿ ಒಂದೇ ಒಂದು ಸಲ ಜಂಬ ಮಾಡಿಬಿಡೋಣ ಎಂದು ನಿರ್ಧರಿಸಿದರು. ಬೆಳಿಗ್ಗೆ ಅಂಗಡಿಗೆ ಹೋಗಿ ಕ್ರಿಸ್ಮಸ್ಸಿನ ಮಾಮೂಲು ಡಬ್ಬಿಯನ್ನು ಬಿಟ್ಟು, ಒಳಗೆ ಮದ್ಯದಲ್ಲಿ ನೆನೆದ ಚೆರಿ ಹಣ್ಣಿರುವ, ಮುಚ್ಚಳಕ್ಕೆ ಚಿನ್ನದ ದಾರ ಕಟ್ಟಿರುವ ದೊಡ್ಡ ಡಬ್ಬಿ ತಂದರು. ಅನಾಹುತ ಆ ಚಿನ್ನದ ದಾರದಿಂದಲೇ ಶುರುವಾಯಿತು ಎಂದು ನನ್ನ ಅಭಿಪ್ರಾಯ.

ಮೊದಲ ಕೋಣೆ ಡಾಕ್ಟರ್ ಲಚೆಜಾರ್‌ನದು. ಮೂವತ್ತೊಂದು ವಯಸ್ಸು, ತಲೆಹೊಟ್ಟಿನ ಬೂಷ್ಟಿನ ಬಗ್ಗೆ ಸಂಶೋಧನೆ, ತರಬೇತಿಯ ಸರದಿಯಲ್ಲಿ ಎರಡನೆಯವನು.

"ಓಹೋ! ಚಿನ್ನದ ದಾರ! ಯಾವ ಖುಷಿಗೆ ಸಾರ್?"

ಚೊಲಾಕೊವ್ ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದ ಮಾತನ್ನು ಹೇಳಿದರು. "ಇವತ್ತು ಹತ್ತನೇ ತಾರೀಕಲ್ವಾ ಲಚೆಜಾರ್?"

ಲಚೆಜಾರ್‌ನ ಕೈ ಚಾಕೊಲೇಟಿನ ಮೇಲೆ ನಿಂತಿತು. "ಅಂದ್ರೆ... ನಿಮ್ಗೆ ಗೊತ್ತಾಯ್ತಾ?"

"ನಂಗೇ ಗೊತ್ತಿಲ್ದೆ ಇರುತ್ತಾ?" ಎಂದು ಇವರು ನಾಚಿ ನಕ್ಕರು.

ಎರಡನೆಯ ಕೋಣೆಯಲ್ಲಿ ಅವರನ್ನು ತಬ್ಬಿಕೊಂಡರು. ಮೂರನೆಯ ಕೋಣೆಯಲ್ಲಿ ಚಪ್ಪಾಳೆ ತಟ್ಟಿದರು. ನಾಲ್ಕನೆಯ ಕೋಣೆಯಲ್ಲಿ, ಹತ್ತು ವರ್ಷಗಳಿಂದ ಮಾತು ಬಿಟ್ಟಿದ್ದವರೊಬ್ಬರು ಎದ್ದು ಬಂದು, "ಹಳೇದೆಲ್ಲ ಮರ್ತುಬಿಡಿ" ಎಂದರು. ಚೊಲಾಕೊವ್ ಅವರ ಕಣ್ಣು ತುಂಬಿತು. ಎಷ್ಟು ಒಳ್ಳೆಯ ಜನ! ನನ್ನ ನಿಜವಾದ ಹೆಸರು ಇವರಿಗೆಲ್ಲ ಗೊತ್ತಿತ್ತು, ನನಗೆ ಮುಜುಗರವಾಗಬಾರದು ಎಂದು ಹನ್ನೊಂದು ವರ್ಷ ಸುಮ್ಮನಿದ್ದರು!

ಗ್ರಂಥಾಲಯದಲ್ಲಿ ಗ್ರಂಥಪಾಲಕಿ ಎರಡು ಚಾಕೊಲೇಟು ಒಟ್ಟಿಗೆ ಬಾಯಿಗೆ ಹಾಕಿಕೊಂಡು ಕೇಳಿದಳು: "ಎಷ್ಟು ವರ್ಷ ಡಾಕ್ಟ್ರೇ?"

"ನಲವತ್ತು. ಏಪ್ರಿಲ್‌ಗೆ ನಲವತ್ತು."

"ನಲವತ್ ವರ್ಷಕ್ಕೆ ಅನುದಾನಾನಾ? ನಂಗೆ ಮೂರೇ ವರ್ಷಕ್ಕೆ ಕೊಡ್ತಾರೆ ಅಂತಿದ್ರು!"

ಚೊಲಾಕೊವ್ ಡಬ್ಬಿ ಹಿಡಿದುಕೊಂಡು ನಿಂತೇಬಿಟ್ಟರು. ಎಲ್ಲ ಅರ್ಥವಾಯಿತು. ತಬ್ಬಿದ್ದು, ತಟ್ಟಿದ್ದು, ಹಳೆಯದನ್ನು ಮರೆತದ್ದು.

"ಇಲ್ಲ, ಇಲ್ಲ, ಅನುದಾನ ಅಲ್ಲ. ನಂಗೆ ಯಾವ ಅನುದಾನಾನೂ ಬಂದಿಲ್ಲ."

"ಹ್ಞಾ ಹ್ಞಾ, ಬಂದಿಲ್ಲ ಬಂದಿಲ್ಲ," ಎಂದು ಆಕೆ ಕಣ್ಣು ಹೊಡೆದು, ದೃಷ್ಟಿ ತಾಗದಿರಲಿ ಎಂದು ಮೇಜಿನ ಮರವನ್ನು ಮೂರು ಸಲ ಕುಟ್ಟಿದಳು. "ಯಾರಿಗೂ ಹೇಳಲ್ಲ ಬಿಡಿ."

"ಅಲ್ಲ ರೀ, ಇದು ಬೇರೆ ವಿಷ್ಯಕ್ಕೆ..."

"ಯಾವ ವಿಷ್ಯಕ್ಕೆ?"

ಈಗ ಹೇಳಬೇಕಾಗಿತ್ತು. ಹೇಳಿದರೆ ಹನ್ನೊಂದು ವರ್ಷದ ಹ್ರಿಸ್ತೊ ಏನಾಗಬೇಕು? ಎಷ್ಟು ಕೈ ಕುಲುಕಾಟಕ್ಕೆ ಸಮಜಾಯಿಷಿ ಕೊಡಬೇಕು? ಚೊಲಾಕೊವ್ ಇನ್ನೊಂದು ಚಾಕೊಲೇಟು ತೆಗೆದುಕೊಳ್ಳಿ ಎಂದರು.

ಮಧ್ಯಾಹ್ನದ ಹೊತ್ತಿಗೆ ನಿರ್ದೇಶಕಿ ಪ್ರೊಫೆಸರ್ ಕಂತಾರ್ಜಿಯೆವಾ ಕರೆಸಿದರು. ನಗುವನ್ನು ಜೋಪಾನವಾಗಿ ಬೀಗ ಹಾಕಿಟ್ಟು, ಮಂತ್ರಿಗಳು ಬಂದಾಗ ಮಾತ್ರ ಹೊರಗೆ ತೆಗೆಯುವವರು. ಅವತ್ತು ಚೊಲಾಕೊವ್ ಅವರಿಗೂ ಸ್ವಲ್ಪ ತೆಗೆದರು.

"ಅಂತೂ ಮಾಡಿದ್ರಿ! ಕೂತ್ಕೊಳ್ಳಿ. ಗುಟ್ಟು ಮಾಡ್ಬೇಡಿ, ನಂಗೆಲ್ಲ ಗೊತ್ತಾಗಿದೆ."

"ಮೇಡಂ, ನಂಗಿನ್ನೂ ಯಾವ ಪತ್ರಾನೂ ಬಂದಿಲ್ಲ."

"ಪತ್ರ ಬರುತ್ತೆ ರೀ. ಈ ದೇಶದಲ್ಲಿ ಮೊದ್ಲು ಸುದ್ದಿ, ಆಮೇಲೆ ಪತ್ರ. ನಾನು ನಿರ್ದೇಶಕಿ ಆಗಿದ್ದು ಪತ್ರ ನೋಡ್ಕೊಂಡು ಅಂದ್ಕೊಂಡ್ರಾ?"

"ಆದ್ರೂ, ನಿಮ್ಗೆ ಹೇಗೆ ಗೊತ್ತಾಯ್ತು?"

"ನಮ್ಗೂ ಜನ ಇದಾರೆ," ಎಂದು ಅವರು ಗಂಭೀರವಾಗಿ ಕಿಟಕಿಯ ಆಚೆ, ರಾಜಧಾನಿಯ ದಿಕ್ಕಿಗೆ ನೋಡಿದರು.

ಅವರ ಜನ ಎಂದರೆ ಗ್ರಂಥಪಾಲಕಿ. ಅದು ಚೊಲಾಕೊವ್ ಅವರಿಗೆ ಗೊತ್ತಿರಲಿಲ್ಲ. ನಿರ್ದೇಶಕಿಗೆ ರಾಜಧಾನಿಯಿಂದಲೇ ಸುದ್ದಿ ಬಂದಿದೆ ಎಂದುಕೊಂಡರು. ನಿರ್ದೇಶಕಿ ಅಂದುಕೊಂಡದ್ದು ಹೀಗೆ: ಈ ಮೂಕಬಸವ ಪಟ್ಟಿಯನ್ನು ಕಣ್ಣಾರೆ ನೋಡದೆ ಚಿನ್ನದ ದಾರದ ಡಬ್ಬಿಗೆ ಕೈ ಹಾಕುವವನಲ್ಲ. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ನಂಬಿದರು. ನಮ್ಮ ಸಂಸ್ಥೆಯಲ್ಲಿ ಅಪರೂಪಕ್ಕೆ ನಡೆಯುವ ಘಟನೆ.

"ಈಗ ಮುಖ್ಯ ವಿಷ್ಯ," ಎಂದು ನಿರ್ದೇಶಕಿ ಒಂದು ಕಾಗದ ಮುಂದೆ ತಳ್ಳಿದರು. "ಅನುದಾನ ಇರೋವ್ರು ತರಬೇತಿಗೆ ಹೋಗೋ ಹಾಗಿಲ್ಲ. ಎರಡು ಕಡೆ ನಿಮ್ ಹೆಸರು ಕಂಡ್ರೆ ಎರಡನ್ನೂ ಕಿತ್ಕೋತಾರೆ. ಇಲ್ಲಿ ಸಹಿ ಹಾಕಿ, 'ನಾನಾಗಿಯೇ ತರಬೇತಿಯ ಹಕ್ಕು ಬಿಟ್ಟುಕೊಟ್ಟಿದ್ದೇನೆ' ಅಂತ."

"ಪತ್ರ ಬಂದ ಮೇಲೆ ಹಾಕಿದ್ರೆ..."

"ಪತ್ರ ಬಂದ ಮೇಲೆ ಹಾಕಿದ್ರೆ ಮೋಸ ಅಂತಾರೆ. ಮೊದ್ಲೇ ಹಾಕಿದ್ರೆ ಪ್ರಾಮಾಣಿಕತೆ ಅಂತಾರೆ. ನೀವು ಪ್ರಾಮಾಣಿಕರಲ್ವಾ?"

ಪ್ರಾಮಾಣಿಕ ಮನುಷ್ಯನನ್ನು ಹೊಡೆದುರುಳಿಸಲು ಇದಕ್ಕಿಂತ ಒಳ್ಳೆಯ ದೊಣ್ಣೆ ಇನ್ನೂ ತಯಾರಾಗಿಲ್ಲ. ಚೊಲಾಕೊವ್ ಲೇಖನಿ ಹಿಡಿದರು. ಕೆಳಗಿನ ವಾರ್ಡು ನೆನಪಾಯಿತು, ಸೀಸೆಗಳು ನೆನಪಾದವು. ಆದರೂ, ನಿರ್ದೇಶಕಿಗೆ ಗೊತ್ತಿದೆಯಲ್ಲ! ಸಹಿ ಹಾಕಿದರು. 'ಹ. ಚೊಲಾಕೊವ್'.

"ನಾನು ಇವತ್ತೇ ನಿಧಿಗೆ ಒಂದು ಧನ್ಯವಾದ ಪತ್ರ ಬರೀತೀನಿ. ಅಲ್ಲಿಯವ್ರಿಗೆ ಇಂಥದ್ದು ನೆನಪಿರುತ್ತೆ," ಎಂದರು ನಿರ್ದೇಶಕಿ.

ಅವರ ಮಾತು ಅಕ್ಷರಶಃ ನಿಜವಾಯಿತು.

ಸಂಜೆ ಮನೆಗೆ ಬರುವಷ್ಟರಲ್ಲಿ ಸುದ್ದಿ ಬಸ್ಸಿಗಿಂತ ಮುಂದೆ ಬಂದಿತ್ತು. ಎಂಟು ಮಹಡಿಯ ವಸತಿಕಟ್ಟಡದ ಮೇಲ್ವಿಚಾರಕ ಗಾಂಚೊ, ಎಪ್ಪತ್ತರ ಮುದುಕ, ಲಿಫ್ಟಿನ ಬಾಗಿಲಿಗೆ ಕಾಲು ಕೊಟ್ಟು ನಿಂತಿದ್ದ.

"ಬಾರಪ್ಪಾ ಡಾಕ್ಟ್ರೇ, ಸರ್ಕಾರದ ಅಳಿಯ! ಈ ಲಿಫ್ಟ್ ನೋಡಿದ್ಯಾ, ಹೇಗೆ ಕೆಮ್ತಿದೆ? ನಿಮ್ಮ ಯೋಜನೆಯಲ್ಲಿ ಇದನ್ನೂ ಸೇರಿಸ್ಕೊಳ್ಳೋಕಾಗುತ್ತಾ?"

"ಗಾಂಚೊ ಮಾವ, ಅದು ರೋಗಾಣು ಸಂಶೋಧನೆ."

"ಇದರ ಗುಂಡಿ ಮುಟ್ಟಿ ನೋಡು. ಎಂಟು ಮಹಡಿಯ ರೋಗಾಣೂ ಇಲ್ಲೇ ಇದೆ."

"ನಂಗೆ ಅನುದಾನ ಬಂದಿಲ್ಲ ಮಾವ."

ಗಾಂಚೊ ಕಾಲು ತೆಗೆದ. ಮುಖ ಕಪ್ಪಾಯಿತು. "ಹೌದಪ್ಪಾ. ನಂ ಹತ್ರ ಬಂದಿಲ್ಲ ಅನ್ನು. ನಿಮ್ಮ ಆಫೀಸಲ್ಲಿ ಚೆರಿ ಹಾಕಿದ ಚಾಕೊಲೇಟು, ನಮ್ಗೆ 'ಬಂದಿಲ್ಲ'. ದೊಡ್ಡವನಾಗ್ಬಿಟ್ಟೆ."

ಮರುದಿನ ಚೊಲಾಕೊವ್ ಇನ್ನೊಂದು ಡಬ್ಬಿ ತಂದು ಎಂಟು ಮಹಡಿಗೂ ಹಂಚಿದರು. ಜನ ಮುನಿಸಿಕೊಳ್ಳಬಾರದು ಎಂದು. ಅಲ್ಲಿಗೆ ಸಂಶಯಪಡುತ್ತಿದ್ದ ಒಂದಿಬ್ಬರಿಗೂ ಖಾತ್ರಿಯಾಯಿತು.

ಭಾನುವಾರ ಸೋದರಮಾವನ ಮಗ ರಾದ್ಕೊ ಮನೆಯಲ್ಲಿ ಇಳಿಸಿದ ಪ್ಲಮ್ ಮದ್ಯದ ಬಾಟಲಿ ಹಿಡಿದು ಬಂದ. ಜೊತೆಗೆ ಅವನ ಅಳಿಯ.

"ನಿನ್ ಯೋಜನೆಗೆ ಒಬ್ಬ ಡ್ರೈವರ್ ಬೇಕಲ್ವಾ? ಇವ್ನು ಚೆನ್ನಾಗಿ ಓಡಿಸ್ತಾನೆ."

"ಏನನ್ನ ಓಡಿಸ್ಬೇಕು ರಾದ್ಕೊ? ಮಾದರಿಗಳು ಕೆಳಗಿನ ಮಹಡಿಯಿಂದ ಮೇಲಿನ ಮಹಡಿಗೆ ಬರ್ಬೇಕು, ಅಷ್ಟೇ."

"ನೋಡು, ಅವಕ್ಕೇನು ಕಾಲಿದ್ಯಾ? ಯಾರಾದ್ರೂ ತರ್ಬೇಕು ತಾನೇ?" ಎಂದು ರಾದ್ಕೊ ಲೋಟಕ್ಕೆ ಸುರಿದ. "ಇಲ್ಲ ಅನ್ಬೇಡ. ಅಲ್ಲಾ, ನಿಜ ಹೇಳು, ನಿಧಿಯಲ್ಲಿ ನಿನ್ನ ಮನುಷ್ಯ ಯಾರು?"

"ಯಾರೂ ಇಲ್ಲ."

"ಯಾರೂ ಇಲ್ದೆ ಕೊಟ್ರಾ?" ರಾದ್ಕೊ ಅಳಿಯನ ಕಡೆ ತಿರುಗಿದ. "ನೋಡ್ಕೋ. ದೊಡ್ಡೋರು ಹೀಗಿರ್ತಾರೆ. ಸ್ವಂತ ರಕ್ತಕ್ಕೂ ಬಾಯಿ ಬಿಡಲ್ಲ."

ಹತ್ತು ದಿನ ಹೀಗೆ ಕಳೆಯಿತು. ನಾಚಿಕೆಯ ಕಥೆ ಎಂದರೆ, ಅಷ್ಟು ಹೊತ್ತಿಗೆ ಚೊಲಾಕೊವ್ ಅವರೂ ನಂಬಿಬಿಟ್ಟಿದ್ದರು. ಊರಿಗೆ ಊರೇ ಹೇಳುತ್ತಿರುವಾಗ ತಾನೊಬ್ಬ ಅಲ್ಲ ಎನ್ನುವುದು ಅಹಂಕಾರವಾಗುತ್ತದೆಯೇನೋ ಎಂದು ಅವರಿಗೆ ಅನಿಸಿತು. ಪ್ರಯೋಗಾಲಯದ ಸಹಾಯಕಿ ತ್ಸೊಂಕಾ ಐವತ್ತೆಂಟರ ಹೆಂಗಸು. ಮುನ್ನೂರ ಹನ್ನೆರಡು ಸೀಸೆಗಳಿಗೂ ತನ್ನ ಕೈಯಿಂದಲೇ ಚೀಟಿ ಅಂಟಿಸಿದವಳು. ಅವಳೂ ಅವರೂ ಸೇರಿ ಕಿಟಕಿ ಪಕ್ಕದ ಬೀರುವನ್ನು ದಬ್ಬಿ ಹೊರಗೆ ಹಾಕಿ, ಯಂತ್ರಕ್ಕೆಂದು ಮೂಲೆ ಖಾಲಿ ಮಾಡಿದರು. ತ್ಸೊಂಕಾ ಆ ಮೂಲೆಯ ನೆಲವನ್ನು ಮಂಡಿಯೂರಿ ಉಜ್ಜಿದಳು.

"ಇಲ್ಲಿಗೆ ಬರುತ್ತಾ ಡಾಕ್ಟ್ರೇ?"

"ಇಲ್ಲಿಗೇ."

"ಹಾಗಾದ್ರೆ ಮುಂದಿನ ಚಳಿಗಾಲಕ್ಕೆ ಅದು ಎಲ್ಲಿಂದ ಬರುತ್ತೆ ಅಂತ ಹೇಳ್ಬಿಡ್ತೀರಾ?"

"ಬರೋಕ್ಕೆ ಮುಂಚೆನೇ ಹೇಳ್ಬಿಡ್ತೀನಿ."

ಅವರು ಜೀವಮಾನದಲ್ಲಿ ಆಡಿದ ಅತಿ ದೊಡ್ಡ ಮಾತು ಅದೇ ಇರಬೇಕು.

ಫೆಬ್ರುವರಿ ಇಪ್ಪತ್ತೇಳಕ್ಕೆ ಪಟ್ಟಿ ಬಂತು. ಆಯ್ಕೆಯಾದವರ ಪಟ್ಟಿಯಲ್ಲಿ ಚೊಲಾಕೊವ್ ಹೆಸರಿರಲಿಲ್ಲ. ಎದೆ ಹಿಡಿದುಕೊಂಡು ತಿರಸ್ಕೃತರ ಪಟ್ಟಿ ನೋಡಿದರು. ಅಲ್ಲೂ ಇರಲಿಲ್ಲ. ಸರ್ಕಾರದ ದೃಷ್ಟಿಯಲ್ಲಿ ಅವರು ಗೆದ್ದಿರಲಿಲ್ಲ, ಸೋತೂ ಇರಲಿಲ್ಲ, ಹುಟ್ಟಿಯೇ ಇರಲಿಲ್ಲ. ಅನುದಾನ ಸಿಕ್ಕ ಮನುಷ್ಯನಿಗೆ ಪಟ್ಟಿ ನೋಡುವ ಗರಜೇನು ಎಂದು ಸಂಸ್ಥೆಯಲ್ಲಿ ಬೇರೆ ಯಾರೂ ನೋಡಲೂ ಇಲ್ಲ.

ಮಾರ್ಚ್ ಒಂದರ ಬೆಳಗಿನ ರೈಲಿಗೆ ರಾಜಧಾನಿಗೆ ಹೋದರು. ಊರಿಗೆಲ್ಲ ಅವತ್ತು ಕೆಂಪು-ಬಿಳಿ ದಾರದ ಹಬ್ಬ; ಚಳಿಗಾಲ ಹೋಯಿತೆಂದು ಒಬ್ಬರ ಮಣಿಕಟ್ಟಿಗೊಬ್ಬರು ದಾರ ಕಟ್ಟಿ, ಕೊಕ್ಕರೆ ಕಾಣುವವರೆಗೆ ಆರೋಗ್ಯವಾಗಿರು ಎನ್ನುವುದು. ನಿಧಿ ಕಚೇರಿಯ ಗವಾಕ್ಷಿಯ ಹಿಂದೆ ಕೂತಿದ್ದ ಗುಮಾಸ್ತೆ ಮಾಲ್ವಿನಾಳ ಕೈಯಲ್ಲಿ ಮೊಣಕೈವರೆಗೂ ದಾರ.

"ಹೆಸರು?"

"ಚೊಲಾಕೊವ್. ಹ... ಹರಲಾಂಪಿ."

ಅವಳ ಮುಖ ಅರಳಿತು. "ಹರಲಾಂಪಿ! ನಮ್ ತಾತನ ಹೆಸರು ಕಣ್ರೀ! ಹಾಗಾದ್ರೆ ಫೆಬ್ರುವರಿ ಹತ್ತಕ್ಕೆ ಹೆಸರಿನ ದಿನ ನಿಮ್ದು. ತಡವಾಯ್ತು, ಆದ್ರೂ ಶುಭಾಶಯ. ನೂರು ವರ್ಷ ಬಾಳಿ!"

ಮೂರು ಸೆಕೆಂಡಿನಲ್ಲಿ ಅಪರಿಚಿತ ಹೆಂಗಸೊಬ್ಬಳು ಹೇಳಿದ್ದನ್ನು ಹನ್ನೊಂದು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಚೊಲಾಕೊವ್ ಅವರಿಗೆ ಅಲ್ಲೇ ಕೂತು ಅಳಬೇಕೆನಿಸಿತು. ಕೂರಲು ಕುರ್ಚಿ ಇರಲಿಲ್ಲ.

ಮಾಲ್ವಿನಾ ಕಡತ ಹುಡುಕಿ ತೆಗೆದು, ನೋಡಿ, ಕಿರುಚಿದಳು. "ಅಯ್ಯೋ ದೇವ್ರೇ! ಬನ್ರೇ ಎಲ್ಲಾ, ಇಲ್ಲಿ ನೋಡಿ, ಥ್ಯಾಂಕ್ಸ್ ಹೇಳಿದ ಡಾಕ್ಟ್ರು ಬಂದಿದಾರೆ!"

ಒಳಗಿನ ಕೋಣೆಗಳಿಂದ ಆರೇಳು ಜನ ಹೊರಗೆ ಬಂದು ಅವರನ್ನು ನೋಡಿದರು. ಒಬ್ಬಳು ಮುಟ್ಟಿಯೂ ನೋಡಿದಳು. ಗೋಡೆಯ ಮೇಲೆ, ರಾಷ್ಟ್ರಲಾಂಛನದ ಪಕ್ಕದಲ್ಲಿ, ಕಟ್ಟು ಹಾಕಿಸಿದ ಒಂದು ಪತ್ರ ತೂಗುತ್ತಿತ್ತು. ಕೆಳಗೆ ಪ್ರೊಫೆಸರ್ ಕಂತಾರ್ಜಿಯೆವಾ ಅವರ ಸಹಿ.

"ಇಪ್ಪತ್ತಾರು ವರ್ಷದಿಂದ ಇಲ್ಲಿದೀನಿ," ಎಂದಳು ಮಾಲ್ವಿನಾ. "ಬೈಗುಳ ಬಂದಿದೆ, ಕೋರ್ಟ್ ನೋಟೀಸು ಬಂದಿದೆ, ಒಬ್ಬ ಪ್ರೊಫೆಸರು ಸತ್ತ ಇಲಿ ಕಳಿಸಿದ್ರು. ಧನ್ಯವಾದ ಇದೊಂದೇ."

"ಆದ್ರೆ ನನ್ ಹೆಸರು ಪಟ್ಟಿಯಲ್ಲಿ ಇಲ್ವಲ್ಲ."

"ಹೇಗಿರುತ್ತೆ? ನಿಮ್ಗೆ ಆಗ್ಲೇ ಬಂದಿದೆಯಲ್ಲ."

"ಬಂದಿಲ್ಲ."

"ಬಂದಿಲ್ದೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರಾ? ನಮ್ಮ ಮುಖ್ಯಸ್ಥರು ಪತ್ರ ಓದಿ, 'ಇವ್ರಿಗೆ ಬೇರೆ ಯಾವ್ದೋ ವಿಭಾಗದಿಂದ ಆಗ್ಲೇ ಹೋಗಿದೆ, ಒಬ್ರಿಗೇ ಎರಡು ಸಲ ಕೊಟ್ರೆ ನಾವು ಜೈಲಿಗೆ' ಅಂತ ನಿಮ್ಮ ಕಡತ ಮುಚ್ಚಿಸಿದ್ರು. ನೋಡಿ, 'ಇತ್ಯರ್ಥವಾಗಿದೆ' ಅಂತ ಮುದ್ರೆ."

"ಆ ಪತ್ರ ನಾನು ಬರೆದಿಲ್ಲ. ನಮ್ಮ ನಿರ್ದೇಶಕಿ ಬರೆದದ್ದು."

"ಅವ್ರು ಯಾಕೆ ಬರೆದ್ರು?"

"ನಂಗೆ ಅನುದಾನ ಬಂತು ಅಂತ ಅಂದ್ಕೊಂಡ್ರು."

"ಯಾಕೆ ಅಂದ್ಕೊಂಡ್ರು?"

"ನಾನು ಚಾಕೊಲೇಟು ಹಂಚಿದೆ."

"ಯಾಕ್ರೀ ಹಂಚಿದ್ರಿ?"

"ಫೆಬ್ರುವರಿ ಹತ್ತಲ್ವಾ..." ಎಂದರು ಚೊಲಾಕೊವ್.

ಸುತ್ತ ನಿಂತಿದ್ದವರು ಒಬ್ಬೊಬ್ಬರಾಗಿ ತಮ್ಮ ಕೋಣೆಗಳಿಗೆ ಹೋದರು.

"ಆಕ್ಷೇಪಣೆ ಸಲ್ಲಿಸ್ಬಹುದಾ?"

"ಸಲ್ಲಿಸ್ಬಹುದು. ಆರು ತಿಂಗಳಲ್ಲಿ ಉತ್ತರ ಕೊಡ್ತೀವಿ."

"ನಂಗೆ ಏಪ್ರಿಲ್ ಹದಿನಾರಕ್ಕೆ ನಲವತ್ತು."

"ಹಾಗಾದ್ರೆ ಬೇಗ ಕೊಡ್ತೀವಿ," ಎಂದಳು ಅವಳು ತಗ್ಗಿದ ದನಿಯಲ್ಲಿ. "ವಯಸ್ಸು ಮೀರಿದೆ ಅಂತ."

"ತರಬೇತಿ?"

"ಅದಕ್ಕೆ ಇವತ್ತೇ ಕೊನೇ ದಿನ. ನಿಮ್ಮ ಸಂಸ್ಥೆಯಿಂದ ಡಾಕ್ಟರ್ ಲಚೆಜಾರ್ ಅಂತ ಬಂದಿದೆ. ನೀವು ಹಕ್ಕು ಬಿಟ್ಟುಕೊಟ್ಟ ಪತ್ರಾನೂ ಲಗತ್ತಿಸಿದ್ದಾರೆ. ಸ್ವ ಇಚ್ಛೆಯಿಂದ ಅಂತ ಬರೆದಿದೀರ."

ಕಡತದ ತಳದಲ್ಲಿ ಅರಗು ಹಾಕಿದ ಒಂದು ಸಣ್ಣ ಲಕೋಟೆಯಿತ್ತು. ಚೊಲಾಕೊವ್ ಅವರ ಯೋಜನೆಯನ್ನು ಓದಿದ ಇಬ್ಬರು ಅನಾಮಧೇಯ ಪರೀಕ್ಷಕರು ಕೊಟ್ಟ ಅಂಕ ಅದರೊಳಗೆ. ಎಪ್ಪತ್ತೈದು ದಾಟಿದ್ದರೆ ಅನುದಾನ. ಇತ್ಯರ್ಥವಾದ ಕಡತದ ಲಕೋಟೆ ಒಡೆಯುವಂತಿಲ್ಲ, ಇಪ್ಪತ್ತು ವರ್ಷ ಕಪಾಟಿನಲ್ಲಿಟ್ಟು ಆಮೇಲೆ ಸುಡುವುದು ನಿಯಮ.

"ಒಂದೇ ಒಂದ್ಸಲ..." ಎಂದರು ಚೊಲಾಕೊವ್.

"ನಮ್ ತಾತನ ಹೆಸರಿನವ್ರು ನೀವು. ಒಡೆಯೋಕಾಗಲ್ಲ. ಆದ್ರೆ ಬೆಳಕಿಗೆ ಹಿಡಿಯೋಕೆ ಯಾವ ನಿಯಮಾನೂ ಅಡ್ಡಿಯಿಲ್ಲ."

ಇಬ್ಬರೂ ಕಿಟಕಿಯ ಹತ್ತಿರ ಹೋದರು. ಮಾಲ್ವಿನಾ ಲಕೋಟೆಯನ್ನು ಮಾರ್ಚಿನ ಬಿಸಿಲಿಗೆ ಎತ್ತಿ ಹಿಡಿದಳು. ದಪ್ಪ ಕಾಗದದ ಹಿಂದೆ ಎರಡು ಅಂಕಿ ಮಸುಕಾಗಿ ಮೂಡಿದವು.

"89!" ಎಂದಳು ಮಾಲ್ವಿನಾ. "ಎಂಬತ್ತೊಂಬತ್ತು ಕಣ್ರೀ ಡಾಕ್ಟ್ರೇ!"

ಚೊಲಾಕೊವ್ ಲಕೋಟೆಯನ್ನು ನಿಧಾನವಾಗಿ ತಿರುಗಿಸಿ ಮೇಲಿನದನ್ನು ಕೆಳಗೆ ಮಾಡಿದರು. ಸಂಶೋಧಕರು ನೋಡಿ, ಯಾವುದನ್ನೂ ಒಂದೇ ಕಡೆಯಿಂದ ನೋಡುವವರಲ್ಲ. ಈಗ ಅದು 68 ಆಗಿತ್ತು.

"ಹಾಳೆ ಒಳಗೆ ಯಾವ ಕಡೆ ಮಾಡಿ ಇಟ್ಟಿದಾರೆ?"

"ಅದು ಇಟ್ಟವ್ರಿಗೇ ಗೊತ್ತು," ಎಂದಳು ಅವಳು. "ಅವ್ರು ಯಾರು ಅಂತ ನಮ್ಗೂ ಗೊತ್ತಿರಲ್ಲ."

ಹೊರಡುವಾಗ ತನ್ನ ಕೈಯಿಂದ ಒಂದು ಕೆಂಪು-ಬಿಳಿ ದಾರ ಬಿಚ್ಚಿ ಅವರ ಮಣಿಕಟ್ಟಿಗೆ ಕಟ್ಟಿದಳು. "ಕೊಕ್ಕರೆ ಕಾಣೋವರ್ಗೂ ಬಿಚ್ಬೇಡಿ."

ಊರಿಗೆ ಬಂದ ಮೇಲೆ ಚೊಲಾಕೊವ್ ಹನ್ನೊಂದು ವರ್ಷದಲ್ಲಿ ಮೊದಲ ಸಲ ಧೈರ್ಯ ಮಾಡಿ ನಿರ್ದೇಶಕಿಯ ಮುಂದೆ ನಿಂತು ಎಲ್ಲ ಹೇಳಿದರು. ನಿರ್ದೇಶಕಿ ಬಿಳಿಚಿಕೊಂಡರು. ಕೋಪದಿಂದಲೇ.

"ಅಂದ್ರೆ ನೀವು ಹ್ರಿಸ್ತೊ ಅಲ್ಲ?"

"ಅಲ್ಲ ಮೇಡಂ."

"ಹನ್ನೊಂದು ಕ್ರಿಸ್ಮಸ್ಸು ನನ್ನ ಕೈಯಿಂದ ಶುಭಾಶಯ ತಗೊಂಡ್ರಲ್ಲ! ನಾಚಿಕೆ ಆಗ್ಲಿಲ್ವಾ? ನಾನು ನಿಮ್ಮನ್ನ ಪ್ರಾಮಾಣಿಕರು ಅಂದ್ಕೊಂಡಿದ್ದೆ."

ಬರದ ಅನುದಾನಕ್ಕೆ ಧನ್ಯವಾದ ಹೇಳಿದ್ದು ಯಾರು ಎಂಬ ಮಾತು ಎಲ್ಲೂ ಏಳಲಿಲ್ಲ. ಹ. ಎಂದರೆ ಹರಲಾಂಪಿಯೇ ಎಂದು ರುಜುವಾತುಪಡಿಸಲು ಚೊಲಾಕೊವ್ ಅವರಿಂದ ಮೂರು ಪ್ರತಿಗಳಲ್ಲಿ ಪ್ರಮಾಣಪತ್ರ ಬರೆಸಿಕೊಂಡರು. ಅನುದಾನ ನುಂಗಿ ಬಂದಿಲ್ಲ ಎನ್ನುತ್ತಿದ್ದಾನೆ ಎಂದು ರಾದ್ಕೊ ಬಂಧುಗಳಿಗೆಲ್ಲ ಹೇಳಿದ. ಗಾಂಚೊ ಲಿಫ್ಟಿನಲ್ಲಿ ಅವರ ಜೊತೆ ಹತ್ತುವುದನ್ನು ಬಿಟ್ಟ. ಏಪ್ರಿಲ್ ಹದಿನಾರು ಬಂತು, ಹೋಯಿತು. ಆ ವರ್ಷ ಕೊಕ್ಕರೆಗಳು ತಡವಾಗಿ ಬಂದವಂತೆ. ಚೊಲಾಕೊವ್ ಮೇ ತಿಂಗಳವರೆಗೂ ದಾರ ಕಟ್ಟಿಕೊಂಡೇ ಓಡಾಡಿದರು. ಲಚೆಜಾರ್ ವಿಯೆನ್ನಾದಲ್ಲಿ ನಾಲ್ಕು ತಿಂಗಳಿದ್ದು, ರೋಗಾಣುಗಳೊಳಗೆ ಬರೆದಿರುವುದನ್ನು ಓದುವುದು ಕಲಿತು ಬಂದು, ಅದನ್ನು ತಲೆಹೊಟ್ಟಿಗೆ ಬಳಸಿದ. ಬಂದ ದಿನ ಎಲ್ಲರಿಗೂ ಚಾಕೊಲೇಟು ಹಂಚಿದ. ಯಾವ ಖುಷಿಗೆ ಎಂದು ಯಾರೂ ಕೇಳಲಿಲ್ಲ.

ಮರುವರ್ಷ ಫೆಬ್ರುವರಿ ಹತ್ತಕ್ಕೆ, ಈಗ ಎಲ್ಲರಿಗೂ ಹೆಸರು ಗೊತ್ತಿತ್ತಲ್ಲ, ಇಡೀ ಸಂಸ್ಥೆ ಚೊಲಾಕೊವ್ ಅವರ ಕೋಣೆಗೆ ಬಂತು. ತಾಯಿ ಕಳಿಸಿದ ಮಂತ್ರಿಸಿದ ಜೇನನ್ನು ರೊಟ್ಟಿಗೆ ಸವರಿ ಅವರು ಹಂಚುತ್ತಿದ್ದರು. ಮನೆಯೊಳಗೆ ರೋಗ ಬಾರದಿರಲಿ ಎಂದು ತಿನ್ನುವ ರೊಟ್ಟಿ ಅದು.

"ಈ ಸಲ ಯಾವ್ದಕ್ಕೆ ಅಂತ ಗೊತ್ತು!" ಎಂದು ಗ್ರಂಥಪಾಲಕಿ ನಕ್ಕಳು. ಎಲ್ಲರೂ ನಕ್ಕರು. ನಿರ್ದೇಶಕಿಯೂ ಒಂದು ಚೂರು ತೆಗೆದುಕೊಂಡು, "ಹರಲಾಂಪಿ, ನೂರು ವರ್ಷ ಬಾಳಿ," ಎಂದರು.

ಆಗ ಕೆಳಗಿನ ವಾರ್ಡಿನಿಂದ ಫೋನು ಬಂತು. ತ್ಸೊಂಕಾ ಕೇಳಿಸಿಕೊಂಡಳು, ಇಟ್ಟಳು, ಯಂತ್ರಕ್ಕೆಂದಿದ್ದ ಖಾಲಿ ಮೂಲೆಯಲ್ಲಿ ನಿಲ್ಲಿಸಿದ್ದ ನೆಲ ಒರೆಸುವ ಕೋಲನ್ನು ಸರಿಸಿ ಚೀಟಿಗಳನ್ನು ತೆಗೆದುಕೊಂಡಳು.

"ಬಂದಿದೆ ಡಾಕ್ಟ್ರೇ. ಎರಡು ಕೂಸಿಗೆ."

ಚೊಲಾಕೊವ್ ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟು, ಕೈ ತೊಳೆದು, ಹೊಸ ಸೀಸೆಗಳನ್ನು ತೆಗೆದುಕೊಂಡು ಮೆಟ್ಟಿಲಿಳಿದರು. ತ್ಸೊಂಕಾ ಹಿಂದೆಯೇ ಚೀಟಿ ಬರೆಯುತ್ತ ಇಳಿದಳು. ಮುನ್ನೂರ ಹದಿಮೂರು. ಮುನ್ನೂರ ಹದಿನಾಲ್ಕು.

ಆ ರೋಗಾಣು ಬೇಸಿಗೆಯಲ್ಲಿ ಎಲ್ಲಿರುತ್ತದೆ ಎಂಬುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಲಕೋಟೆಯೊಳಗೆ ಇದ್ದದ್ದು ಎಂಬತ್ತೊಂಬತ್ತೋ ಅರವತ್ತೆಂಟೋ, ಅದೂ ಗೊತ್ತಿಲ್ಲ. ಚೊಲಾಕೊವ್ ಅವರನ್ನೇ ಒಮ್ಮೆ ಕೇಳಿದೆ. ಎರಡರಲ್ಲಿ ಯಾವುದಾಗಿದ್ದರೆ ಕಡಿಮೆ ನೋವಾಗುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿಲ್ಲ.